ಐದನೆಯ ಕೈ

ನಮ್ಮ ಊರಿನ ನೀರು ಕುಡಿದವರಿಗೆ ಬೇರೆ ಊರಿನ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬಂದು ಕುಡಿದು ನೋಡಿ. ಕಡುಬೇಸಗೆಯಲ್ಲೂ ಲೋಟದ ಮೈ ಬೆವರುವಷ್ಟು ತಂಪು. ನಾನು ನಿವೃತ್ತನಾದ ಮೇಲೆ ಊರಿನ ನೀರು ತುಂಬುವ ಬಾನಿಯ ಕಟ್ಟೆಯ ಮೇಲೆಯೇ ಕೂರುವುದು. ಕೆಲಸ ಮುಗಿದಿದೆ, ಮಾತು ಮುಗಿದಿಲ್ಲ. ಬಂದವರಿಗೆ ಒಂದು ಲೋಟ ನೀರು, ಒಂದು ಕಥೆ. ಎರಡನ್ನೂ ಯಾರೂ ಬೇಡವೆನ್ನಲು ನಾನು ಬಿಟ್ಟದ್ದಿಲ್ಲ. ನೀವೂ ಕೂತುಕೊಳ್ಳಿ.

ಮೊದಲು ಏತದ ವಿಷಯ ಹೇಳಬೇಕು. ಏತವೆಂದರೆ ನಿಮ್ಮ ಕಡೆ ತೋಟದಲ್ಲಿ ಒಂದು ಕಂಬ, ಒಂದು ಗಳ, ಅಷ್ಟೇ ಅಲ್ಲವೇ? ನಮ್ಮದು ಗುಡ್ಡದಷ್ಟು. ಎತ್ತುಗಳು ಗಾಲಿಯನ್ನು ತಿರುಗಿಸುತ್ತವೆ. ಗಾಲಿಯ ಗೂಟ ತೊಲೆಯನ್ನು ನೂಕಬೇಕು. ತೊಲೆ ಹಗ್ಗವನ್ನು ಎಳೆಯಬೇಕು. ಹಗ್ಗ ಪಾತಾಳದ ನೀರನ್ನು ತಂದು ಬಾನಿಗೆ ಸುರಿಯಬೇಕು. ಬಾನಿಯಿಂದ ಊರು ಕುಡಿಯಬೇಕು. ಏತ ನಿಂತರೆ ಊರಿಲ್ಲ.

ಈ ಏತವನ್ನು ನೋಡಿಕೊಳ್ಳಲೆಂದೇ ಗುಡ್ಡದ ಮೇಲೆ ನಮ್ಮ ವಿಶ್ವವಿದ್ಯಾಲಯವಿದೆ. ಅದರಲ್ಲಿ ನಾಲ್ಕು ಮನೆ: ಗಾಲಿ ಮನೆ, ತೊಲೆ ಮನೆ, ಹಗ್ಗದ ಮನೆ, ಬಾನಿ ಮನೆ. ನಾನು ಓದಿದ್ದು ಬಾನಿ ಮನೆಯಲ್ಲಿ. ಒಂದೊಂದು ಮನೆಯ ಬಾಗಿಲಲ್ಲೂ ಸುಣ್ಣದ ಬಿಳುಪಿನ ಒಂದೊಂದು ಕೈ, ಬೆರಳುಗಳನ್ನು ಅಗಲಿಸಿಕೊಂಡು ಎದ್ದು ನಿಂತಿದೆ. ಅದು ಆ ಮನೆಯ ಮೂಲಪುರುಷನ ಕೈ. ಆ ಕೈಯ ಹೆಬ್ಬೆರಳಿನಿಂದ ಕಿರುಬೆರಳಿಗೆ ಎಷ್ಟೋ ಅಷ್ಟು ಆ ಮನೆಯ ಗೇಣು. ಗಾಲಿಯನ್ನು ಗಾಲಿಯ ಕೈ ಅಳೆಯುತ್ತದೆ, ತೊಲೆಯನ್ನು ತೊಲೆಯ ಕೈ ಅಳೆಯುತ್ತದೆ. ಒಂದು ಮನೆಯ ಕೆಲಸವನ್ನು ಇನ್ನೊಂದು ಮನೆಯ ಕೈ ಅಳೆಯಕೂಡದು. ಯಾವ ಮನೆಯ ಕೈಯೂ ಅಳೆಯದ ವಸ್ತು ಏತದಲ್ಲಿ ಇರಕೂಡದು. ಇದು ಊರಿನ ಕಟ್ಟಳೆ. ಇದೊಂದೇ.

ನಾಲ್ಕು ಕೈ, ನಾಲ್ಕು ಗೇಣು. ಅದಕ್ಕೇ ಗಾಲಿಯ ಗೂಟ ತೊಲೆಯನ್ನು ಮುಟ್ಟುವುದಿಲ್ಲ. ತೊಲೆಯ ತುದಿ ಹಗ್ಗವನ್ನು ಮುಟ್ಟುವುದಿಲ್ಲ. ಹಗ್ಗದ ಕೊಡ ಬಾನಿಯನ್ನು ಮುಟ್ಟುವುದಿಲ್ಲ. ನಡುವೆ ಸಂದು. ಪ್ರತಿ ಸಂದಿನಲ್ಲಿ ಒಬ್ಬ ಮನುಷ್ಯ. ಹಿಂದಿನಿಂದ ಬಂದ ನೂಕನ್ನು ಬೆನ್ನಿನಲ್ಲಿ ತೆಗೆದುಕೊಂಡು, ಮುಂದಿನದಕ್ಕೆ ಅಂಗೈಯಿಂದ ಕೊಡುತ್ತಾನೆ. ತೆಗೆದುಕೊಳ್ಳುತ್ತಾನೆ, ಕೊಡುತ್ತಾನೆ. ನೀರು ಬರುತ್ತದೆ.

ಹಾಗೆ ನಿಲ್ಲುವವರು ಓದುವುದು ಐದನೆಯ ಮನೆಯಲ್ಲಿ. ಅದರ ಹೆಸರು ಸಂದಿನ ಮನೆ. ಅದರ ಬಾಗಿಲಲ್ಲಿ ಕೈಯಿಲ್ಲ. ಉಳಿದ ಮನೆಗಳಲ್ಲಿ ಭಾಗದ ವಿದ್ಯೆ, ಇಲ್ಲಿ ಇಡಿಯ ವಿದ್ಯೆ. ಬೇರೆ ಊರುಗಳಲ್ಲಿ ಇದನ್ನೇ ಸಿಸ್ಟಮ್ಸ್ ಎಂಜಿನಿಯರಿಂಗ್ ಅನ್ನುತ್ತಾರಂತೆ. ಹೆಸರು ದೊಡ್ಡದು, ವಿದ್ಯೆ ಅದೇ. ಓದು ಮುಗಿದ ದಿನವೇ ಕೆಲಸ, ಅದೂ ಕಾಯಂ. ಪೂರ್ತಿ ಸವೆಯುವ ತನಕ ಬಿಡಿಸುವವರಿಲ್ಲ. ತಂದೆತಾಯಿಗಳು ಹೆಮ್ಮೆಯಿಂದಲೇ ಕಳಿಸುತ್ತಾರೆ.

ಗಾಲಿಗೂ ತೊಲೆಗೂ ನಡುವಿನ ಸಂದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಒಬ್ಬ ಅಕ್ಕ ನಿಂತಿದ್ದಳು. ಅವಳ ತಂಗಿ ದಿನಾ ಬೆಳಿಗ್ಗೆ ಅಂಬಲಿ ತಂದು ಕುಡಿಸುತ್ತಿದ್ದಳು. ಗೂಟ ಬರುವ ಮುಂಚೆ ಒಂದು ಗುಟುಕು, ಗೂಟ ಹೋದ ಮೇಲೆ ಒಂದು ಗುಟುಕು. ಅಕ್ಕನ ಮಾತೂ ಹಾಗೆಯೇ, ತುಂಡು ತುಂಡು.

“ಇವತ್ತು ಉಪ್ಪು…” ಗೂಟ ಬಂತು, ಅಕ್ಕ ನೂಕಿದಳು, ಗೂಟ ಹೋಯಿತು. “…ಕಮ್ಮಿ.”

“ಅಮ್ಮ ಹಾಕಿದ್ದು ಅಕ್ಕಾ.”

“ಅಮ್ಮನಿಗೆ ಹೇಳೇ. ಮಗಳು ಸಂದಿನಲ್ಲಿದ್ದಾಳೆ, ನಾಲಗೆ…” ಗೂಟ ಬಂತು, ಹೋಯಿತು. “…ಹೊರಗೇ ಇದೆ ಅಂತ.”

ತಂಗಿ ನಗುತ್ತಿದ್ದಳು. ನಗುತ್ತಲೇ ಅಕ್ಕನ ಬೆನ್ನು ನೋಡುತ್ತಿದ್ದಳು. ಬೆನ್ನಿನಲ್ಲಿ ಗೂಟ ಕೂರುವಷ್ಟು ಒಂದು ಕುಳಿ ಬಿದ್ದಿತ್ತು. ಮೊದಲು ಅದು ತೊಗಲಿನಲ್ಲಿ ಇತ್ತು. ಆಮೇಲೆ ಮೂಳೆಯಲ್ಲಿ ಇತ್ತು.

ಒಂದು ದಿನ ತಂಗಿ ಮನೆಗೆ ಬಂದು, ತಾನೂ ಸಂದಿನ ಮನೆ ಸೇರುತ್ತೇನೆ ಎಂದಳು.

ತಾಯಿ ಒಲೆಯ ಮುಂದಿನಿಂದ ಏಳಲೇ ಇಲ್ಲ. “ಒಬ್ಬಳು ಹೋಗಿದ್ದು ಸಾಲದೇನೇ?”

“ಅವಳನ್ನ ಹೊರಗೆ ತರೋ ವಿದ್ಯೆ ಅಲ್ಲೇ ಇದ್ರೆ, ಅಲ್ಲಿಗೇ ಹೋಗಬೇಕಲ್ಲಮ್ಮ.”

“ಇಲ್ಲದೇ ಇದ್ರೆ?”

ತಂಗಿ ಅಂಬಲಿಯ ಪಾತ್ರೆ ತೊಳೆದಿಟ್ಟು, ಮರುದಿನವೇ ಗುಡ್ಡ ಹತ್ತಿದಳು.

ಸಂದಿನ ಮನೆ ಸೇರುವವರು ಮೊದಲ ದಿನ ಕಣ್ಣು ಮುಚ್ಚಿಕೊಂಡು ನಾಲ್ಕು ಮನೆಯ ಕೈಗಳಿಗೂ ಅಂಗೈಗೆ ಅಂಗೈ ಇಟ್ಟು ಆಶೀರ್ವಾದ ಪಡೆಯಬೇಕು. ನಾಲ್ಕು ಕೈಯನ್ನೂ ಮುಟ್ಟುವ ಭಾಗ್ಯ ಊರಿನಲ್ಲಿ ಅವರಿಗೆ ಮಾತ್ರ. ತಂಗಿ ಗಾಲಿಯ ಕೈಗೆ ಕೈ ಇಟ್ಟಳು. ತಣ್ಣನೆಯ ಸುಣ್ಣದ ಕೆಳಗೆ ಗೆಣ್ಣಿನ ಸುಕ್ಕು ಸಿಕ್ಕಿತು, ಉಗುರಿನ ಅಂಚು ಸಿಕ್ಕಿತು, ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಸುಟ್ಟ ಕಲೆ ಸಿಕ್ಕಿತು. ಎಂಥ ಶಿಲ್ಪಿ ಕೆತ್ತಿರಬೇಕು ಎಂದುಕೊಂಡಳು. ಆಮೇಲೆ ತೊಲೆಯ ಕೈ, ಹಗ್ಗದ ಕೈ, ಬಾನಿಯ ಕೈ. ಕಣ್ಣು ತೆರೆದವಳೇ ಗುರುಗಳ ಬಳಿ ಓಡಿದಳು. ಗುರುಗಳು ಬಹಳ ಹಿಂದೆ ಸಂದಿನಲ್ಲಿ ನಿಂತು ಸವೆದು ಹೊರಬಂದವರು. ಬೆನ್ನು ಕೊಕ್ಕೆಯಾಗಿತ್ತು, ಮುಖ ಸದಾ ನೆಲಕ್ಕೆ.

“ಗುರುಗಳೇ, ಕೈಗಳು ಒಂದರ ಸಮ ಇನ್ನೊಂದಿಲ್ಲ! ಸಂದು ಬಿದ್ದಿರೋದು ಅದಕ್ಕೇ!”

“ಗೊತ್ತಾಯ್ತಾ ಮಗು? ಸಂತೋಷ. ಮೊದಲ ದಿನವೇ ಎಲ್ಲರಿಗೂ ಗೊತ್ತಾಗುತ್ತೆ.”

“ಎಲ್ಲರಿಗೂ?”

“ಎಲ್ಲರಿಗೂ. ಪರೀಕ್ಷೆ ಗೊತ್ತಾಗೋದರಲ್ಲಿ ಅಲ್ಲ. ಗೊತ್ತಾದ ಮೇಲೂ ಹೇಗೆ ನಿಲ್ತೀಯ ಅನ್ನೋದರಲ್ಲಿ.”

ಪಾಠಗಳು ಶುರುವಾದವು. ಮೊದಲ ಪಾಠ, ಏನು ಬೇಕು ಎಂದು ಕೇಳುವುದು. ವಿದ್ಯಾರ್ಥಿಗಳು ಬಿಳಿ ಬಟ್ಟೆ ಉಟ್ಟು ಮನೆ ಮನೆಯ ಮುಂದೆ ನಿಂತು “ಏನು ಬೇಕು?” ಎಂದು ಕೇಳಬೇಕು. ಊರು “ನೀರು ಬೇಕು” ಎನ್ನಬೇಕು. ನನ್ನ ಬಾಗಿಲಿಗೂ ಬರುತ್ತಿದ್ದರು. ನಾನು ನೀರು ಬೇಕು ಎಂದ ಮೇಲೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ, ಪಾಪ, ಕೇಳಿಸಿಕೊಂಡು ನಿಲ್ಲುತ್ತಿದ್ದರು. ಊರೆಲ್ಲ ತಿರುಗಿ ಬಂದ ಮೇಲೆ ತಂಗಿ ಕೇಳಿದಳು, “ಗುರುಗಳೇ, ಸಂದಿನಲ್ಲಿ ನಿಂತವರನ್ನ ಕೇಳಲಿಲ್ಲವಲ್ಲ?”

“ಅವರು ಏತದ ಭಾಗ ಮಗು. ಗಾಲಿಯನ್ನ ಯಾರಾದರೂ ಏನು ಬೇಕು ಅಂತ ಕೇಳ್ತಾರಾ?”

ಎರಡನೆಯ ಪಾಠ ಮರಳಿನದು. ಏತದ ಇಡಿಯ ರೂಪವನ್ನು ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಗಾಳಿ ಬಂದು ಅಳಿಸುವ ತನಕ ನೋಡುವುದು. ಮೂರನೆಯದು ಬೀಳುವ ಪಾಠ. ಎಲ್ಲರೂ ವೃತ್ತವಾಗಿ ನಿಂತು ಒಂದೇ ಹಗ್ಗವನ್ನು ಹಿಡಿದು ಹಿಂದಕ್ಕೆ ಜೋತುಬೀಳುತ್ತಾರೆ. ಒಬ್ಬನ ಕಿವಿಯಲ್ಲಿ ಗುರುಗಳು “ಬಿಡು” ಎನ್ನುತ್ತಾರೆ. ಅವನು ಕಾಲೂರಿಕೊಂಡು ಬಿಡುತ್ತಾನೆ. ಯಾರು ಬಿದ್ದರು, ಯಾರ ಮೇಲೆ ಯಾರು ಬಿದ್ದರು ಎಂದು ಎದ್ದು ನಿಂತು ಒಪ್ಪಿಸಬೇಕು. ಬಿಟ್ಟವನು ಮಾತ್ರ ಬೀಳುವುದಿಲ್ಲ. ಆ ಪಾಠದ ತಿರುಳೇ ಅದು. ತಂಗಿ ಎಲ್ಲ ಪಾಠದಲ್ಲೂ ಮುಂದು. ಅವಳಷ್ಟು ಚೆನ್ನಾಗಿ ಬೀಳುವವರು ಯಾರೂ ಇರಲಿಲ್ಲವಂತೆ.

ಕಲಿಯುತ್ತ ಕಲಿಯುತ್ತ ಅವಳಿಗೆ ಧೈರ್ಯ ಬಂತು. ಗಾಲಿ ಮನೆಯ ಯಜಮಾನರ ಬಳಿ ಹೋದಳು.

“ಸ್ವಾಮಿ, ಗೂಟವನ್ನು ಸ್ವಲ್ಪ ಉದ್ದ ಮಾಡಿಸಿದರೆ ಅದು ತೊಲೆಗೆ ಮುಟ್ಟುತ್ತೆ. ನಡುವೆ ಮನುಷ್ಯರು ಬೇಕಾಗೋದಿಲ್ಲ.”

ಯಜಮಾನರು ಒಳ್ಳೆಯವರು. ಕೂರಿಸಿದರು, ಬೆಲ್ಲ ಕೊಟ್ಟರು. “ಗಾಲಿ ಸರಿಯಾಗೇ ಇದೆಯಲ್ಲಮ್ಮ. ಬೇಕಾದರೆ ನಮ್ಮ ಕೈಯಿಂದ ಅಳೆದು ತೋರಿಸಲಾ? ತೊಲೆಯವರನ್ನ ಕೇಳು.”

ತೊಲೆ ಮನೆಯ ಯಜಮಾನರೂ ಒಳ್ಳೆಯವರೇ. ಅವರೂ ಬೆಲ್ಲ ಕೊಟ್ಟರು. “ತೊಲೆ ಸರಿಯಾಗೇ ಇದೆಯಲ್ಲಮ್ಮ. ಗಾಲಿಯವರನ್ನ ಕೇಳು.”

ಇಬ್ಬರೂ ಸುಳ್ಳು ಹೇಳಲಿಲ್ಲ, ನೋಡಿ. ಗಾಲಿ ಸರಿಯಾಗಿತ್ತು. ತೊಲೆ ಸರಿಯಾಗಿತ್ತು. ಅಕ್ಕನ ಬೆನ್ನು ಮಾತ್ರ ಸರಿಯಾಗಿರಲಿಲ್ಲ, ಅದು ಯಾವ ಮನೆಯ ಅಳತೆಗೂ ಸೇರಿರಲಿಲ್ಲ.

ಅಂದಿನಿಂದ ತಂಗಿ ಅಂಬಲಿ ಕುಡಿಸಿದ ಮೇಲೆ ಅಕ್ಕನ ಪಕ್ಕದಲ್ಲಿ ಕೈ ಚಾಚಿ ಸಂದನ್ನು ಅಳೆಯತೊಡಗಿದಳು. ಸಂದು ಅವಳ ಬಲಗೈಗೆ ಸರಿಯಾಗಿ ಮೂರು ಗೇಣು.

“ಏನೇ ಅದು, ಇರುವೆ ಥರ…” ಗೂಟ ಬಂತು, ಹೋಯಿತು. “…ಹರಿದಾಡ್ತೀಯ?”

“ನಿನ್ನ ಅಳತೆ ತಗೋತಿದೀನಿ ಅಕ್ಕಾ.”

“ರವಿಕೆ ಹೊಲಿಸ್ತೀಯೇನೇ? ಬೆನ್ನಿಗೆ…” ಗೂಟ. “…ಕಿಟಕಿ ಇಡಿಸು.”

ಹೊನ್ನೆ ಮರದ ಒಂದು ಕೊರಡು ಹುಡುಕಿ ತಂದು ತಂಗಿ ಹಿತ್ತಲಲ್ಲಿ ಕೆತ್ತತೊಡಗಿದಳು. ಮೂರು ಗೇಣು ಉದ್ದ. ಒಂದು ತುದಿಯಲ್ಲಿ ಗೂಟ ಕೂರುವಂಥ ಕುಳಿ, ಅಕ್ಕನ ಬೆನ್ನಿನ ಕುಳಿಯಂಥದ್ದೇ. ಇನ್ನೊಂದು ತುದಿ ತೊಲೆಗೆ ಒತ್ತುವಂತೆ ಚಪ್ಪಟೆ. ಕೆತ್ತುವಾಗ ಉಳಿ ಜಾರಿ ತೋರುಬೆರಳಿನ ಮೇಲೆ ಉದ್ದಕ್ಕೆ ಗೀರಿತು, ಗುರುತು ಉಳಿಯಿತು. ಅವಳು ಕೆತ್ತುತ್ತಲೇ ಇದ್ದಳು. ತಾಯಿ ಕೇಳಿದ್ದಕ್ಕೆ, “ಇದು ಬೆಣೆ. ಅಕ್ಕನ ಬದಲಿಗೆ ನಿಲ್ಲೋದು,” ಎಂದಳು. ತಾಯಿ ಬೆಣೆಯ ನೆತ್ತಿ ಸವರಿ ಲಟಿಕೆ ಮುರಿದಳು.

ವರ್ಷಕ್ಕೊಮ್ಮೆ ಎಣ್ಣೆಯ ದಿನ ಏತ ನಿಲ್ಲುತ್ತದೆ. ಎತ್ತುಗಳಿಗೆ ಬಿಡುವು. ಗಾಲಿಯ ಅಚ್ಚಿಗೆ ಹರಳೆಣ್ಣೆ, ಹಗ್ಗಕ್ಕೆ ಹರಳೆಣ್ಣೆ, ಸಂದಿನಲ್ಲಿ ನಿಂತವರ ಹೆಗಲಿಗೆ ಹರಳೆಣ್ಣೆ. ಊರೆಲ್ಲ ನೆರೆಯುತ್ತದೆ. ಸಂದಿನ ಮನೆಯವರ ಕೊನೆಯ ಪರೀಕ್ಷೆಯೂ ಅಂದೇ: ಯಾವ ಸಂದಿನಲ್ಲಿ ಯಾರು ಸವೆದಿದ್ದಾರೋ ಅಲ್ಲಿ ಹೋಗಿ ನಿಂತು ತೋರಿಸಬೇಕು. ತಂಗಿಯ ಹೆಸರು ಕೂಗಿದರು. ಅವಳು ಬೆಣೆಯನ್ನು ಹೊತ್ತು ಬಂದಳು. ಅಕ್ಕನ ರಟ್ಟೆ ಹಿಡಿದು ಹೊರಕ್ಕೆಳೆದಳು. ಬೆಣೆಯನ್ನು ಸಂದಿಗೆ ಇಟ್ಟು, ಎತ್ತುಗಳನ್ನು ಹೂಡಿಸಿ, ತಾನೇ “ಹೈ” ಎಂದಳು.

ಗಾಲಿ ತಿರುಗಿತು. ಗೂಟ ಬೆಣೆಗೆ ಕೂತಿತು. ಬೆಣೆ ತೊಲೆಯನ್ನು ನೂಕಿತು. ಬಾನಿ ತುಂಬಿ ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ನಾನು ಅಲ್ಲೇ ಇದ್ದೆ, ನನ್ನ ಪಂಚೆ ಮೊಣಕಾಲಿನ ತನಕ ನೆನೆಯಿತು. ಊರು ಕೇಕೆ ಹಾಕಿತು.

ಅಕ್ಕನನ್ನು ಎತ್ತಿಕೊಂಡೇ ಮನೆಗೆ ಒಯ್ದರು. ಮೊದಮೊದಲು ಅವಳು ಗೋಡೆಗೆ ಬೆನ್ನು ಕೊಟ್ಟು ಗಾಳಿಯನ್ನು ನೂಕುತ್ತಿದ್ದಳು, ಅದೇ ಲಯದಲ್ಲಿ. ತಂಗಿ ಎದುರು ಕೂತು ಅವಳ ಅಂಗೈಗಳನ್ನು ಹಿಡಿದುಕೊಂಡಳು. ಎಷ್ಟೋ ಕಾಲ ಹಿಡಿದುಕೊಂಡಳು. ನೂಕು ನಿಧಾನವಾಯಿತು, ನಿಂತಿತು.

“ಅಕ್ಕಾ, ನಿನಗೇನು ಬೇಕು?”

ಅಕ್ಕನನ್ನು ಯಾರೂ ಅದನ್ನು ಕೇಳಿದ್ದೇ ಇಲ್ಲ. ಬಹಳ ಯೋಚಿಸಿದಳು. “ಕೂತುಕೋಬೇಕು,” ಎಂದಳು. “ಕೂತುಕೊಂಡು ಒಂದು ಇಡೀ ಮಾತು ಆಡಬೇಕು. ಅಮ್ಮಾ, ನಿನ್ನ ಅಂಬಲಿಗೆ ಹುಟ್ಟಿದಾಗಿನಿಂದಲೂ ಉಪ್ಪು ಕಮ್ಮಿಯೇ ಕಣೇ.” ನಡುವೆ ಎಲ್ಲೂ ತುಂಡಾಗದೆ ಬಂದ ಮಾತು ಅದು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅತ್ತಳು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಎಂದು ಕೆಲವರು ಹೇಳುತ್ತಾರೆ. ನಿಲ್ಲಿಸಬಹುದು. ಆದರೆ ನಿಮ್ಮ ಲೋಟದಲ್ಲಿ ಇನ್ನೂ ನೀರಿದೆ.

ನಾಲ್ಕು ಮನೆಯ ಯಜಮಾನರೂ ಸಭೆ ಸೇರಿ ತಂಗಿಯನ್ನು ಕರೆಸಿದರು. ಯಾರೂ ಗದರಲಿಲ್ಲ. ಎಲ್ಲರೂ ಹೊಗಳಿದರು. ಆಮೇಲೆ ಗಾಲಿಯ ಯಜಮಾನರು ಮೆಲ್ಲಗೆ ಕೇಳಿದರು, “ತಾಯಿ, ಈ ಬೆಣೆಯನ್ನ ಅಳೆದದ್ದು ಯಾವ ಕೈ?”

“ನನ್ನದು.”

“ಹಾಗಾದರೆ ಅದು ಯಾವ ಮನೆಯದೂ ಅಲ್ಲ. ಮನೆಯಿಲ್ಲದ ವಸ್ತು ಏತದಲ್ಲಿ ಇರಕೂಡದು. ತೆಗೆಯಬೇಕಾಗುತ್ತೆ. ತೆಗೆದರೆ ನಿನ್ನ ಅಕ್ಕ…”

“ಬೇಡ!”

“ನಮಗೂ ಬೇಡ ತಾಯಿ. ಅದಕ್ಕೇ ಹೊಸ ಮನೆ ಕಟ್ಟಿಸೋಣ ಅಂತ. ಬೆಣೆ ಮನೆ. ಬಾಗಿಲಲ್ಲಿ ನಿನ್ನ ಕೈ. ನಿನ್ನ ಗೇಣೇ ಅದರ ಅಳತೆ, ಎಂದೆಂದಿಗೂ. ಇಷ್ಟು ಚಿಕ್ಕ ವಯಸ್ಸಿಗೆ ಯಾರಿಗೂ ಸಿಗದ ಮಾನ.”

ತಂಗಿಯ ಕಣ್ಣು ತುಂಬಿ ಬಂತು. “ಶಿಲ್ಪಿಯನ್ನ ಯಾವತ್ತು ಕಳಿಸ್ತೀರಿ?” ಎಂದಳು.

ಯಜಮಾನರು ಮೂಲೆಯಲ್ಲಿದ್ದ ಗುರುಗಳ ಕಡೆ ನೋಡಿದರು. ಗುರುಗಳೇ ನೆಲ ನೋಡುತ್ತ ಹತ್ತಿರ ಬಂದರು. “ಮಗು, ಮೊದಲ ದಿನ ಕಣ್ಣು ಮುಚ್ಚಿ ಮುಟ್ಟಿದೆಯಲ್ಲ. ಉಗುರಿನ ಅಂಚು ಸಿಕ್ಕಿತಾ? ಸುಟ್ಟ ಕಲೆ ಸಿಕ್ಕಿತಾ? ಸುಟ್ಟ ಕಲೆಯನ್ನ ಯಾವ ಶಿಲ್ಪಿ ಕೆತ್ತುತ್ತಾನೆ?”

ತಂಗಿಗೆ ಅರ್ಥವಾಯಿತು. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಟ್ಟುಕೊಂಡಳು. ಮನೆಯಲ್ಲಿ ಅಕ್ಕ ಕೂತಿದ್ದಾಳೆ ಎಂದುಕೊಂಡಳು. ಕೂತು ಇಡೀ ಮಾತು ಆಡುತ್ತಿದ್ದಾಳೆ ಎಂದುಕೊಂಡಳು. ಆಮೇಲೆ ಮುಚ್ಚಿದ್ದ ಎಡಗೈಯನ್ನು ಸರಿಸಿದಳು.

ಮೆರವಣಿಗೆ ಚೆನ್ನಾಗಿತ್ತು. ಸುಣ್ಣ ಬೇಯಿಸಿದ ಗುಡಾಣ ಮುಂದೆ, ವಾದ್ಯ ಹಿಂದೆ. ಹೊಸ ಬಾಗಿಲಲ್ಲಿ ಹೊಸ ಕೈ ಎದ್ದಿತು, ಬೆರಳುಗಳನ್ನು ಅಗಲಿಸಿಕೊಂಡು, ತೋರುಬೆರಳಿನ ಮೇಲೆ ಉಳಿಯ ಗೀರಿನೊಂದಿಗೆ. ತಂಗಿ ತೋಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ಅಕ್ಕ ನೋಡಿದಳು. ಇಡೀ ಮಾತು ಆಡಲು ಕಲಿತಿದ್ದ ಅಕ್ಕನಿಗೆ ಅಂದು ಒಂದು ತುಂಡು ಮಾತೂ ಬರಲಿಲ್ಲ.

ಅಕ್ಕತಂಗಿಯರು ಬಹಳ ಕಾಲ ನೆಮ್ಮದಿಯಾಗಿದ್ದರು. ಅಕ್ಕ ಕಲಸುತ್ತಿದ್ದಳು, ತಂಗಿ ಉಣ್ಣುತ್ತಿದ್ದಳು. ತಾಯಿ ತೀರಿಕೊಂಡಳು. ಹೊನ್ನೆಯ ಬೆಣೆ ಸವೆಯಿತು. ಮರವಲ್ಲವೇ, ಸವೆಯುತ್ತದೆ. ಬೆಣೆ ಮನೆಯವರು ಹೊಸ ಕೊರಡು ತಂದು, ಬಾಗಿಲಿನ ಕೈಯಿಂದ ಮೂರು ಗೇಣು ಅಳೆದು, ಹೊಸ ಬೆಣೆ ಮಾಡಿ ಇಟ್ಟರು. ಗೂಟಕ್ಕೂ ಬೆಣೆಗೂ ನಡುವೆ ಬೆರಳು ಹಿಡಿಸುವಷ್ಟು ಸಂದು. ಬೆಣೆಗೂ ತೊಲೆಗೂ ನಡುವೆ ಬೆರಳು ಹಿಡಿಸುವಷ್ಟು ಸಂದು.

ಸುಣ್ಣದೊಳಗೆ ಒಣಗಿದ ಕೈ ಕುಗ್ಗುತ್ತದೆ. ಅಷ್ಟೇ ವಿಷಯ.

ಮುಂದಿನ ಬೆಣೆಗೆ ಅಂಗೈ ಹಿಡಿಸುವಷ್ಟು. ಅದರ ಮುಂದಿನ ಬೆಣೆಗೆ ಆಳು ಹಿಡಿಸುವಷ್ಟು. ತಂಗಿ ಗುರುಗಳ ಬಳಿ ಹೋದಳು. ಅವರ ಮುಖ ಆ ವೇಳೆಗೆ ಮೊಣಕಾಲಿಗೆ ಮುಟ್ಟುತ್ತಿತ್ತು.

“ಗುರುಗಳೇ, ಹಾಗಾದರೆ ಗಾಲಿಯೂ ತೊಲೆಯೂ…”

“ಹೂಂ ಮಗು. ಮೂಲಪುರುಷರು ಬದುಕಿದ್ದಾಗ ಎಲ್ಲವೂ ಒಂದಕ್ಕೊಂದು ಮುಟ್ಟುತ್ತಿತ್ತು. ಒಂದು ಕೂದಲೂ ನುಸುಳುತ್ತಿರಲಿಲ್ಲವಂತೆ. ಆಗ ಸಂದಿನ ಮನೆಯೇ ಇರಲಿಲ್ಲ.”

ತಂಗಿ ಬೆಣೆ ಮನೆಗೆ ಓಡಿದಳು. ಬಾಗಿಲಲ್ಲಿ ತನ್ನದೇ ಕೈ, ಮಗುವಿನ ಕೈಯಷ್ಟಾಗಿತ್ತು. ಒಳಗೆ ಬೆಣೆ ಮನೆಯ ಯಜಮಾನರು, ಇನ್ನೂ ತರುಣರು, ಎದ್ದು ಬಂದು ಕಾಲಿಗೆರಗಿದರು. ಬೆಲ್ಲ ಕೊಟ್ಟರು. ಅವಳು ಎಡಗೈಯನ್ನು ಚಾಚಿ ಹಿಡಿದಳು. “ಇದೂ ನನ್ನದೇ. ಇದು ಒಣಗಿಲ್ಲ. ಇದರಿಂದ ಅಳೀರಪ್ಪ.”

ತರುಣ ಯಜಮಾನರು ಆ ಕೈಯನ್ನು ಮುಟ್ಟಲಿಲ್ಲ. ಬಾಗಿಲಿನ ಕಡೆ ನೋಡಿ ಕೈಮುಗಿದರು. ಆಮೇಲೆ ಬಹಳ ವಿನಯದಿಂದ ಹೇಳಿದರು, “ಬೆಣೆ ಸರಿಯಾಗೇ ಇದೆಯಲ್ಲಮ್ಮ. ಗಾಲಿಯವರನ್ನ ಕೇಳಿ.”

ಬಾನಿಯಲ್ಲಿ ನೀರು ಇಳಿಯಿತು. ಊರಿಗೆ ಈಗ ಒಂದರ ಬದಲು ಎರಡು ಸಂದು, ಒಬ್ಬರ ಬದಲು ಇಬ್ಬರು ಬೇಕು. ನಿಂತು ಗೊತ್ತಿದ್ದವಳು ಅಕ್ಕ. ನಿಲ್ಲುವ ವಿದ್ಯೆ ಓದಿದವಳು ತಂಗಿ. ಇನ್ಯಾರು? ಅಕ್ಕನನ್ನು ಗಾಲಿಗೂ ಬೆಣೆಗೂ ನಡುವೆ ನಿಲ್ಲಿಸಿದರು. ಬೆನ್ನಿನ ಕುಳಿ ಹಾಗೇ ಇತ್ತು, ಗೂಟ ಬಂದು ಪರಿಚಯದವರ ಹಾಗೆ ಕೂತಿತು. ತಂಗಿಯನ್ನು ಬೆಣೆಗೂ ತೊಲೆಗೂ ನಡುವೆ. ಒಂದೇ ಕೈಯವಳಿಗೆ ತೊಲೆಯನ್ನು ಅಂಗೈಯಿಂದ ನೂಕಲು ಬಾರದು. ಅದಕ್ಕೇ ಅವಳನ್ನು ತಿರುಗಿಸಿ ನಿಲ್ಲಿಸಿದರು. ಬೆಣೆ ಎದೆಗೆ, ತೊಲೆ ಬೆನ್ನಿಗೆ. ಎಡಗೈ ಹಿಂದೆ ತೊಲೆಯನ್ನು ಹಿಡಿದಿರುತ್ತದೆ. ಹಾಗಾಗಿ ಅಕ್ಕತಂಗಿಯರು ಎದುರುಬದುರಾಗಿಯೇ ನಿಂತಿದ್ದಾರೆ. ನಡುವೆ ಮರ.

“ಏನೇ,” ಎಂದು ಅಕ್ಕ ಕೂಗಿದ್ದು ಮೊದಲ ದಿನ ನನಗೂ ಕೇಳಿಸಿತು. “ಇಡಿಯ ವಿದ್ಯೆ ಓದಿ…” ಗೂಟ ಬಂತು, ಬೆಣೆ ಹೋಯಿತು, ತೊಲೆ ಹೋಯಿತು. “…ಮನೆಯವರನ್ನೆಲ್ಲ ಒಂದೇ ಕಡೆ ಸೇರಿಸಿದೆಯಲ್ಲೇ.”

ತಂಗಿ ಏನೋ ಹೇಳಿದಳು. ಮರದ ಆಚೆಗೆ ಮಾತು ದಾಟಲಿಲ್ಲ. ಆಮೇಲೆ ಅವರು ಮಾತು ಬಿಟ್ಟರು.

ಬೆಣೆ ಮನೆಗೆ ಈಗ ಒಳ್ಳೆಯ ಹೆಸರು. ಸಂದಿನ ಮನೆಗೂ ಹುಡುಗರು ಹೆಚ್ಚಾಗಿದ್ದಾರೆ, ಕೆಲಸ ಹೆಚ್ಚಿದೆಯಲ್ಲ. ಮೊದಲ ದಿನ ಕಣ್ಣು ಮುಚ್ಚಿ ಐದು ಕೈ ಮುಟ್ಟುತ್ತಾರೆ. ನೀರು ಹಾಗೇ ತಂಪಾಗಿದೆ. ಕುಡಿದಿರಾ? ಇನ್ನೊಂದು ಲೋಟ ತಗೊಳ್ಳಿ, ಸಂಕೋಚ ಬೇಡ. ಕುಡಿಯುವಾಗ ಸ್ವಲ್ಪ ಏತದ ಕಡೆ ಕಿವಿ ಕೊಡಿ. ಗಾಲಿಯ ಗಿರಗಿರದ ಅಡಿಯಲ್ಲಿ ಎರಡು ಸದ್ದು ಕೇಳಿಸುತ್ತವೆ, ಒಂದಾದ ಮೇಲೆ ಒಂದು, ಮರವನ್ನು ತಟ್ಟುವ ಸದ್ದು. ಗಟ್ಟಿಯಾದದ್ದು ಅಕ್ಕನ ಗೆಣ್ಣಿನದು. ಅದಕ್ಕೆ ಉತ್ತರವಾಗಿ ಬರುವ ಮೆತ್ತನೆಯದು ತಂಗಿಯ ಹಣೆಯದು.